ಮಧ್ಯಾಹ್ನದ ಗ್ರಂಥಾಲಯ

ಹೇರಾನ್‌ಳನ್ನು ತಮ್ಮನ ಮನೆಗೆ ಕರೆಸಿಕೊಂಡದ್ದು ನೆಂಟಸ್ತಿಕೆಗಲ್ಲ, ಕೆಲಸಕ್ಕೆ. ಅದು ಅವಳಿಗೂ ಗೊತ್ತಿತ್ತು, ಕರೆಸಿಕೊಂಡವರಿಗೂ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಅಷ್ಟೆ.

ಸಿಯೋಲ್‌ನ ಒಂದು ದೊಡ್ಡ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಅವಳು ತಲೆ ನರೆಯುವ ತನಕ ದುಡಿದಿದ್ದಳು. ಸೀಟು ಬಯಸಿದ ಮಕ್ಕಳ ಶಾಲಾ ದಾಖಲೆ ಓದುವುದು, ಸಂದರ್ಶನದ ಮೇಜಿನ ಈಚೆ ಕೂತು ಪ್ರಶ್ನೆ ಕೇಳುವುದು, ಅಂಕ ಹಾಕುವುದು ಅವಳ ಕೆಲಸ. ಮದುವೆ ಆಗಿರಲಿಲ್ಲ. ನಿವೃತ್ತಿಯಾಗಿ ಆರೇಳು ವರ್ಷದಿಂದ ಸಿಯೋಲ್‌ಗೆ ಹತ್ತಿರದ ಸುವೊನ್‌ನಲ್ಲಿ ಒಂದು ಕೋಣೆಯ ಮನೆ ಹಿಡಿದು ಒಬ್ಬಳೇ ಇದ್ದಳು. ಬಂದರಿನ ಊರು ಗುನ್ಸಾನ್‌ನಲ್ಲಿದ್ದ ತಮ್ಮ ದೋಸಿಕ್ ಹಬ್ಬಕ್ಕೊಮ್ಮೆ ಫೋನು ಮಾಡಿ ಆರೋಗ್ಯ ವಿಚಾರಿಸುತ್ತಿದ್ದ. ಆ ಬೇಸಿಗೆಯಲ್ಲಿ ಮಾತ್ರ ಅವನ ಹೆಂಡತಿ ಗುಮ್‌ಹಿ ಮೇಲಿಂದ ಮೇಲೆ ಫೋನು ಮಾಡತೊಡಗಿದಳು.

"ಅಕ್ಕಾ, ಆ ಬಿಸಿಲಲ್ಲಿ ಒಬ್ರೇ ಯಾಕೆ ಬೇಯ್ತೀರಿ? ಇಲ್ಲಿ ಸಮುದ್ರದ ಗಾಳಿ ಇದೆ. ಅಮ್ಮನೂ ನಿಮ್ಮನ್ನ ನೆನೆಸ್ಕೊಳ್ತಾನೇ ಇರ್ತಾರೆ."

"ನಿಮ್ಮ ಮಗಳು ದಾಮಿ ಈ ವರ್ಷ ಶಾಲೆ ಮುಗಿಸ್ತಾಳಲ್ವಾ?" ಎಂದಳು ಹೇರಾನ್.

"ಹೂಂ ಅಕ್ಕಾ. ಅದೂ ಒಂದಿದೆ ಅನ್ನಿ."

ಹೇರಾನ್ ನಕ್ಕಳು. ಕಾರಣ ಯಾವುದಾದರೇನು, ಕರೆದರಲ್ಲ. ಆಗಸ್ಟ್ ಮೊದಲ ವಾರ ಒಂದು ಸೂಟ್‌ಕೇಸು ಹಿಡಿದು ಬಸ್ಸಿಳಿದಳು.

ಮನೆ ಅಂಗಡಿಯ ಮೇಲೆ. ಕೆಳಗೆ ಗುಮ್‌ಹಿಯದು ಅನ್ನಕ್ಕೆ ನಂಚಿಕೊಳ್ಳುವ ಪದಾರ್ಥಗಳ ಅಂಗಡಿ. ಉಪ್ಪು ಖಾರದಲ್ಲಿ ಹುಳಿ ಬರಿಸಿದ ಬಗೆಬಗೆಯ ಕಿಮ್ಚಿ, ಸೋಯಾ ರಸದಲ್ಲಿ ಬೆಂದ ಕಮಲದ ಬೇರು, ಖಾರ ಹಚ್ಚಿದ ಸಣ್ಣ ಒಣಮೀನು. ಬೆಳಕು ಹರಿಯುವ ಮುಂಚೆ ಅವಳ ಒಲೆ ಹತ್ತುತ್ತಿತ್ತು. ದೋಸಿಕ್‌ನದು ಮಾರುಕಟ್ಟೆ ಬೀದಿಯಲ್ಲಿ ಕನ್ನಡಕದ ಅಂಗಡಿ. ಮುದುಕಿ ತಾಯಿ ನೆಲದ ಮೇಲೆ ಕಾಲು ಚಾಚಿ ಕೂತು ದಿನವಿಡೀ ಮೊಳಕೆಕಾಳಿನ ಬಾಲ ಮುರಿಯುತ್ತಿದ್ದಳು. ಇವರೆಲ್ಲರ ನಡುವೆ ದಾಮಿ ಎಂಬ ಒಬ್ಬಳೇ ಮಗಳು. ತೆಳ್ಳಗಿನ ಹುಡುಗಿ, ಅಪ್ಪನ ಅಂಗಡಿಯದೇ ಕನ್ನಡಕ, ಕೇಳಿದ್ದಕ್ಕೆ ಮಾತ್ರ ಉತ್ತರ.

ಮೊದಲ ದಿನ ರಾತ್ರಿ ಹುರಿದ ದೊಡ್ಡ ಮೀನನ್ನು ಗುಮ್‌ಹಿ ಹೇರಾನ್ ಮುಂದೆಯೇ ಇಟ್ಟಳು. ಮುದುಕಿ ಅದನ್ನು ನೋಡಿ ತುಟಿ ಓರೆ ಮಾಡಿದಳು.

"ನನ್ನ ಎಂಬತ್ತನೇ ಹುಟ್ಟುಹಬ್ಬಕ್ಕೂ ಇಷ್ಟು ದೊಡ್ಡ ಮೀನು ಈ ಮನೇಲಿ ಹುರಿದಿರ್ಲಿಲ್ಲ. ತಿನ್ನು ಮಗಳೆ. ಋಣ ತೀರಿಸೋಕೆ ಹೇಗಿದ್ರೂ ಟೈಮಿದೆ."

"ಅಮ್ಮಾ!" ಎಂದ ದೋಸಿಕ್.

"ಏನೋ? ನಾನೇನು ಸುಳ್ಳು ಹೇಳಿದ್ನಾ?"

ಹೇರಾನ್ ಮೀನಿನ ಒಂದು ಬದಿ ಬಿಡಿಸಿ ದಾಮಿಯ ಅನ್ನದ ಮೇಲಿಟ್ಟಳು. ಹುಡುಗಿ ತಲೆಬಾಗಿ "ಥ್ಯಾಂಕ್ಸ್ ಅತ್ತೆ" ಎಂದು ತಿಂದಳು. ಆ ರಾತ್ರಿ ಅವಳ ಬಾಯಿಂದ ಬಂದ ಮಾತು ಅದೊಂದೇ.

ಮರುದಿನ ಹೇರಾನ್ ಹುಡುಗಿಯ ಶಾಲಾ ದಾಖಲೆ ತರಿಸಿಕೊಂಡು ಓದಿದಳು. ಓದುವಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಎಷ್ಟೋ ವರ್ಷದ ಅಭ್ಯಾಸ. ಸಂಜೆ ಊಟಕ್ಕೆ ಕೂತಾಗ ಎಲ್ಲರ ಕಣ್ಣೂ ಅವಳ ಮೇಲೆ.

"ಹೇಳಿ ಅಕ್ಕ," ಎಂದಳು ಗುಮ್‌ಹಿ. "ನೀವಿದ್ದ ಕಡೇನೇ ಸೀಟು ಸಿಗುತ್ತಲ್ಲ? ವ್ಯವಹಾರ ನಿರ್ವಹಣೆಗೆ?"

"ಆ ವಿಭಾಗ ಬಿಟ್ಟುಬಿಡು. ಅಲ್ಲಿಗೆ ಬರೋ ಮಕ್ಕಳ ಅಂಕ ಬೇರೆ ಥರ. ನೋಡು ಗುಮ್‌ಹಿ, ಒಳಗೆ ಕೂತು ಓದೋರಿಗೆ ದಿನಾ ರಾಶಿ ಫೈಲು. ಅಂಕ ನೋಡಿದ್ರೆ ಎಲ್ಲ ಮಕ್ಕಳೂ ಒಂದೇ ಥರ ಕಾಣ್ತಾರೆ. ಅವರು ಹುಡುಕೋದು ಒಂದೇ ಒಂದು ಎಳೆ. ಈ ಹುಡುಗಿ ಯಾರು ಅಂತ ಹೇಳೋ ಎಳೆ. ಅದು ಸಿಕ್ಕಿದ್ರೆ ಪೆನ್ನು ನಿಲ್ಲುತ್ತೆ."

"ನಮ್ಮ ದಾಮಿಗೆ ಎಳೆ ಇದೆಯಾ?"

"ಇದೆ." ಹೇರಾನ್‌ಗೆ ತನ್ನ ದನಿಯಲ್ಲಿ ಹಳೆಯ ಉತ್ಸಾಹ ಕೇಳಿಸಿತು. "ಹೈಸ್ಕೂಲಿನ ಎರಡನೇ ವರ್ಷದಿಂದ ಇವಳು ಊಟದ ಬಿಡುವಿನಲ್ಲಿ ಶಾಲೆಯ ಗ್ರಂಥಾಲಯದಲ್ಲಿ ಸೇವೆ ಮಾಡಿದಾಳೆ. ಒಂದು ದಿನವೂ ತಪ್ಪಿಸಲಿಲ್ಲ, ಪರೀಕ್ಷೆ ದಿನವೂ ಬಂದಳು ಅಂತ ಮೇಷ್ಟ್ರು ಬರೆದಿದಾರೆ. ಬೇರೆ ಮಕ್ಕಳು ತಿಂಗಳಿಗೊಂದು ಹಿಡಿದು ಬಿಡ್ತಾರೆ. ಇವಳದ್ದು ನಿಷ್ಠೆ. ಗ್ರಂಥಾಲಯ ವಿಜ್ಞಾನಕ್ಕೆ ಹಾಕಿದ್ರೆ ನಾನಿದ್ದ ಕಡೆಗೂ ಒಂದು ಕೈ ನೋಡಬಹುದು."

ದಾಮಿ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಏನೋ ಹೇಳುವವಳಂತೆ ಬಾಯಿ ತೆರೆದು, ಮತ್ತೆ ಸಾರಿಗೆ ಚಮಚ ಹಾಕಿದಳು.

"ಪುಸ್ತಕ ಜೋಡಿಸೋಕೆ ಡಿಗ್ರಿ ಬೇಕಾ?" ಎಂದಳು ಗುಮ್‌ಹಿ, ನಂಬಿಕೆ ಬಾರದೆ.

"ಮೊಳಕೆ ಬಿಡಿಸೋಕೆ ಬೇಡ, ಪುಸ್ತಕ ಜೋಡಿಸೋಕೆ ಬೇಕು ಕಣೆ," ಎಂದಳು ಮುದುಕಿ.

"ನಿನಗೆ ಇಷ್ಟ ಇದೆಯೇನಮ್ಮ?" ದೋಸಿಕ್ ಮಗಳನ್ನು ಕೇಳಿದ.

"ಇರಬಹುದಪ್ಪ," ಎಂದಳು ದಾಮಿ.

ಆ "ಇರಬಹುದು" ಸಾಕಾಯಿತು. ಎಳೆ ಸಿಕ್ಕ ಸಂಭ್ರಮದಲ್ಲಿ ಯಾರೂ ಎರಡನೇ ಸಲ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ, ನಿಯಮದಂತೆ ಆರೇ ಕಡೆ ಅರ್ಜಿ ಹಾಕುವ ಹೊತ್ತಿಗೆ ಮನೆಯಲ್ಲಿ ದಿನವೂ ಜಗಳ. ಆರೂ ಸಿಯೋಲ್‌ನವೇ ಆಗಬೇಕೆಂದು ಗುಮ್‌ಹಿಯ ಹಟ. ಎರಡಾದರೂ ಕೈಗೆ ಎಟುಕುವಂಥವು ಇರಲಿ, ಪಕ್ಕದ ಜಾಂಜುವಿನದೂ ಒಂದಿರಲಿ ಎಂದು ಹೇರಾನ್.

"ಜಾಂಜುಗೆ ಹಾಕೋಕೆ ಒಳಗಿನವರ ಸಲಹೆ ಯಾಕೆ ಬೇಕಿತ್ತು? ಆ ಮೂಲೆ ಬೇಕರಿಯವನೂ ಹೇಳ್ತಿದ್ದ," ಎಂದಳು ಗುಮ್‌ಹಿ, ಸೌತೆಕಾಯಿ ಹೆಚ್ಚುತ್ತ.

"ಬೇಕರಿಯವನು ಹೇಳಿದ್ರೂ ಅದು ಸರೀನೇ."

"ನೀವಿದ್ದ ಆಫೀಸಿನವರಿಗೆ ಒಂದು ಮಾತು ಹಾಕಕ್ಕಾಗಲ್ವಾ ಅಕ್ಕ?"

"ಆಗಲ್ಲ. ಮಾಡಬಾರದು. ಮಾಡಿದ್ರೂ ಕೇಳೋರು ಅಲ್ಲಿ ಯಾರೂ ಇಲ್ಲ. ನನ್ನ ಹೆಸರೇ ಮರೆತಿರ್ತಾರೆ."

ಕೊನೆಯ ಮಾತನ್ನು ಹೇರಾನ್ ನಗುತ್ತಲೇ ಹೇಳಿದಳು. ಗುಮ್‌ಹಿ ನಗಲಿಲ್ಲ. ಅಂಗಡಿಗೆ ಬರುವ ಹೆಂಗಸರಿಗೆಲ್ಲ ಅವಳು ಗಂಡನ ಅಕ್ಕನ ಸುದ್ದಿ ಹೇಳಿಯಾಗಿತ್ತು. ಇಬ್ಬರು ತಾಯಂದಿರು ಮಕ್ಕಳನ್ನು ಕರೆದುಕೊಂಡು ದ್ರಾಕ್ಷಿ ಬುಟ್ಟಿಯ ಸಮೇತ ಮಹಡಿ ಹತ್ತಿದ್ದರು. ಮನೆಯ ಹುಡುಗಿಗೆ ಹೇಳುವುದು ಬೇರೆ, ಊರಿಗೆಲ್ಲ ಹೇಳುವುದು ಬೇರೆ ಎಂದು ಹೇರಾನ್ ಬುಟ್ಟಿ ವಾಪಸು ಕಳಿಸಿದ್ದಳು. ಅಂದಿನಿಂದ ಹುರಿದ ಮೀನು ಮೆಲ್ಲಗೆ ಮೇಜಿನ ಆ ತುದಿಗೆ ಸರಿಯಿತು. ಕೊನೆಗೆ ಆರರಲ್ಲಿ ಜಾಂಜು ಉಳಿಯಿತು, ಹೇರಾನ್ ಇದ್ದ ವಿಶ್ವವಿದ್ಯಾಲಯವೂ ಉಳಿಯಿತು.

ಆ ಮನೆಯಲ್ಲಿ ಹೇರಾನ್ ಜೊತೆ ಮಾತಾಡದವರಿರಲಿಲ್ಲ. ಆದರೆ ಮಾತೆಲ್ಲ ಒಂದೇ. ಮಂಡಿ ನೋವು ಎಂದರೆ "ಸಂದರ್ಶನಕ್ಕೆ ಮುಂಚೆ ವಾಸಿ ಮಾಡ್ಕೊಳ್ಳಿ" ಎನ್ನುತ್ತಿದ್ದಳು ಗುಮ್‌ಹಿ. ಒಂದು ದಿನ ದೋಸಿಕ್ ತಾನಾಗಿ ಅಂಗಡಿಗೆ ಕರೆದೊಯ್ದು ಅಕ್ಕನ ಕಣ್ಣು ಪರೀಕ್ಷೆ ಮಾಡಿದ. ಕತ್ತಲೆ ಕೋಣೆ, ಗಲ್ಲ ಊರಿದ ಯಂತ್ರ, ತಮ್ಮನ ಉಸಿರು ಹತ್ತಿರದಲ್ಲೇ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದದ್ದು ಅವಳಿಗೆ ನೆನಪಾಯಿತು.

"ಈಗ ಚೆನ್ನಾಗಿ ಕಾಣುತ್ತಾ, ಮೊದಲನೇದ್ರಲ್ಲಾ?"

"ಈಗ."

"ಅಕ್ಕ, ನಿಜ ಹೇಳು. ಅವಳಿಗೆ ಸಿಗುತ್ತಾ?"

"ಗೊತ್ತಿಲ್ಲ ಕಣೋ," ಎಂದಳು ಹೇರಾನ್, ಗಲ್ಲ ಎತ್ತದೆ.

ಅಕ್ಟೋಬರಿನಲ್ಲಿ ಸಂದರ್ಶನದ ಅಭ್ಯಾಸ ಶುರುವಾಯಿತು. ಊಟವಾದ ಮೇಲೆ ಮೇಜು ಒರೆಸಿ, ಹೇರಾನ್ ಈಚೆ, ದಾಮಿ ಆಚೆ. ಹೇರಾನ್ ದನಿ ಬದಲಾಯಿಸಿ ಬಹುವಚನದಲ್ಲಿ ಮಾತಾಡುತ್ತಿದ್ದಳು.

"ಒಳಗೆ ಬಂದು ಹೆಸರು ಹೇಳಬಾರದು. ಶಾಲೆ ಹೇಳಬಾರದು. ಅಪ್ಪ ಅಮ್ಮ ಏನು ಮಾಡ್ತಾರೆ ಅನ್ನೋದಂತೂ ಕೂಡದು. ಕೊಟ್ಟಿರೋ ಸಂಖ್ಯೆ ಮಾತ್ರ. ಯಾರ ಮಗಳು ಅಂತ ಗೊತ್ತಾಗಬಾರದು, ಅದಕ್ಕೆ."

"ಅದು ಸುಲಭ ಅತ್ತೆ," ಎಂದಳು ದಾಮಿ. ನಗುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ.

ಹುಡುಗಿ ಬೇಗ ಕಲಿತಳು. ಕೈ ಎಲ್ಲಿಡಬೇಕು, ಗೊತ್ತಿಲ್ಲದ್ದನ್ನು ಹೇಗೆ ಗೊತ್ತಿಲ್ಲವೆನ್ನಬೇಕು, ಎಲ್ಲ. ವಾರ ಕಳೆಯುವಷ್ಟರಲ್ಲಿ ಇಬ್ಬರಿಗೂ ಆ ಹೊತ್ತು ಹಿತವೆನಿಸತೊಡಗಿತು. ಮೇಜಿನ ಮೇಲೆ ಕಿತ್ತಳೆ ಹಣ್ಣು, ಒಳಗೆ ಮುದುಕಿಯ ಟೀವಿ ಸದ್ದು. ಇಡೀ ದಿನ ಮಾತಾಡದ ಹುಡುಗಿ ಅಲ್ಲಿ ಕೂತರೆ ಮಾತಾಡುತ್ತಿದ್ದಳು.

ಒಂದು ಸಂಜೆ ಹೇರಾನ್ ಎಲ್ಲ ಕಡೆಯೂ ಕೇಳುವ ಪ್ರಶ್ನೆ ಕೇಳಿದಳು. "ಬೇರೆಯವರ ಜೊತೆ ಹೊಂದಿಕೊಳ್ಳೋದು ಕಷ್ಟವಾದ ಒಂದು ಸಂದರ್ಭ ಹೇಳಿ."

ದಾಮಿ ಕಿತ್ತಳೆ ಸಿಪ್ಪೆಯನ್ನು ಮೇಜಿನ ಅಂಚಿಗೆ ಸರಿಸಿದಳು.

"ಎರಡನೇ ವರ್ಷ ಶುರುವಾದಾಗ ನನ್ನ ಜೊತೆ ಊಟಕ್ಕೆ ಬರ್ತಿದ್ದ ಮೂರು ಜನ ಬರೋದು ನಿಲ್ಲಿಸಿದ್ರು. ಜಗಳ ಆಗಿರಲಿಲ್ಲ. ಗಂಟೆ ಹೊಡೆದ ತಕ್ಷಣ ಎದ್ದು ಹೋಗಿರೋರು, ನಾನು ನೋಡೋ ಅಷ್ಟರಲ್ಲಿ. ಊಟದ ಹಾಲಿನಲ್ಲಿ ತಟ್ಟೆ ಹಿಡ್ಕೊಂಡು ನಿಂತ್ರೆ ಎಲ್ಲರೂ ನೋಡ್ತಾರೆ. ಎಲ್ಲಿ ಕೂತ್ರೂ ಪಕ್ಕದ ಜಾಗ ಖಾಲಿ ಕಾಣುತ್ತೆ. ಎರಡು ವಾರ ಊಟ ಬಿಟ್ಟೆ. ಆಮೇಲೆ ಗ್ರಂಥಾಲಯದ ಮೇಡಂ ಸಹಾಯಕ್ಕೆ ಯಾರಾದ್ರೂ ಬೇಕು ಅಂದ್ರು. ಅಲ್ಲಿ ಒಳಗಡೆ ಕೋಣೇಲಿ ತಿನ್ನಬಹುದು. ಯಾರಾದ್ರೂ ಕೇಳಿದ್ರೆ ಡ್ಯೂಟಿ ಇದೆ ಅನ್ನಬಹುದು. ಆದ್ರೆ ಬಿಡುವಿನ ಮೇಲೆ ಕ್ಲಾಸಿಗೆ ವಾಪಸು ಬರೋ ಆ ಕಾರಿಡಾರು ಮಾತ್ರ..."

ಅಲ್ಲಿಗೆ ನಿಲ್ಲಿಸಿದಳು.

"ಚೆನ್ನಾಗಿದೆ," ಎಂದಳು ಹೇರಾನ್, ಪೆನ್ನು ಹಿಡಿದ ಕೈ ಆಗಲೇ ಓಡುತ್ತಿತ್ತು. "ಆದ್ರೆ ಉದ್ದವಾಯ್ತು. ಎರಡು ವಾರ ಊಟ ಬಿಟ್ಟಿದ್ದು ತೆಗೀರಿ, ಅವರಿಗೆ ಗಾಬರಿಯಾಗುತ್ತೆ. ಮೂವರ ಮೇಲೆ ದೂರು ಹೇಳ್ದಂಗೆ ಕೇಳಬಾರದು. ಗ್ರಂಥಾಲಯಕ್ಕೆ ಬೇಗ ಬನ್ನಿ. ಕೊನೇಲಿ ಕಾರಿಡಾರು ಬೇಡ, ಏನು ಕಲಿತ್ರಿ ಅಂತ ಒಂದು ಮಾತು ಬೇಕು. ಕಲಿತದ್ದು ಇಲ್ದೇ ಇದ್ರೆ ಅಂಕ ಇಲ್ಲ."

ದಾಮಿ ಅವಳನ್ನು ನೋಡಿದಳು. ಆಮೇಲೆ, "ಸರಿ ಅತ್ತೆ, ಬರ್ಕೊಳ್ತೀನಿ," ಎಂದಳು.

ಎರಡು ದಿನದ ಮೇಲೆ ಅದೇ ಪ್ರಶ್ನೆಗೆ ಹುಡುಗಿ ಉತ್ತರ ಹೇಳಿದಳು. ಬೆನ್ನು ನೇರ, ದನಿ ಸ್ಪಷ್ಟ, ತುಟಿಯಲ್ಲಿ ಅಳತೆಯ ನಗು. ಗೆಳತಿಯರಿಂದ ದೂರವಾದ ಸಮಯ, ಗ್ರಂಥಾಲಯದ ಬಾಗಿಲು, ಒಂಟಿಯಾಗಿ ಬರುವ ಕಿರಿಯರನ್ನು ಮಾತಾಡಿಸಿದ್ದು, ಮೌನವಾಗಿರುವವರ ಮಾತು ಕೇಳಲು ಕಲಿತದ್ದು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿಯಿಲ್ಲ.

ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗುಮ್‌ಹಿ ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದಳು.

"ಅಯ್ಯೋ, ಎಷ್ಟು ಚೆನ್ನಾಗಿ ಕಟ್ಟಿದೀರಿ ಅಕ್ಕ! ನಿಜವಾಗ್ಲೂ ನಡೆದಿದೆ ಅಂತಾನೇ ನಂಬಿಬಿಡ್ತಾರೆ."

"ನಂಬ್ತಾರಾ ಅಮ್ಮ?" ಎಂದಳು ದಾಮಿ.

"ನಂಬದೇ ಏನು! ನಿಮ್ಮತ್ತೆ ಕೈ ಅಂದ್ರೆ ಸುಮ್ನೇನಾ?"

ಹುಡುಗಿ ಮುಗುಳ್ನಕ್ಕಳು. ಅದೇ ಅಳತೆಯ ನಗು. ಹೇರಾನ್ ಅದನ್ನು ನೋಡಿ ಪೆನ್ನು ಕೆಳಗಿಟ್ಟಳು. ಕಟ್ಟಿದ ಕಥೆಗಳನ್ನು ಅವಳು ರಾಶಿ ಕೇಳಿದ್ದಳು. ಕಟ್ಟಿದ ಕಥೆಯಲ್ಲಿ ಯಾರೂ ಕಾರಿಡಾರಿನ ಹತ್ತಿರ ಬಂದು ಮಾತು ನಿಲ್ಲಿಸುವುದಿಲ್ಲ. ಆ ಮೊದಲ ಸಂಜೆ ಒಂದು ಮಗು ಎದುರಿಗೆ ಕೂತು ತನ್ನ ಕಷ್ಟ ಹೇಳಿಕೊಂಡಿತ್ತು. ತಾನು ಅದಕ್ಕೆ ಕತ್ತರಿ ಹಾಕಿದ್ದಳು.

ಭಾನುವಾರ ಮೂಲಂಗಿ ತರುವ ನೆಪದಲ್ಲಿ ದಾಮಿಯನ್ನು ಕರೆದುಕೊಂಡು ಹೊರಟಳು. ಬಂದರಿನ ರಸ್ತೆಯಲ್ಲಿ ಗಾಳಿ ಜೋರಾಗಿತ್ತು.

"ದಾಮಿ, ನೀನು ಹೇಳಿದ್ದು ನಿಜ ಅಲ್ವಾ?"

"ಯಾವುದು?"

"ಊಟದ್ದು."

"ಅಮ್ಮಂಗೆ ಹೇಳ್ಬೇಡಿ ಅತ್ತೆ."

"ಅವರು ಯಾಕೆ ಹಾಗೆ ಮಾಡಿದ್ರು? ಏನಾಯ್ತು?"

"ಏನೂ ಆಗ್ಲಿಲ್ಲ. ಅದೇ ಕಷ್ಟ. ಜಗಳ ಆಗಿದ್ರೆ ಸಾರಿ ಅಂತಾದ್ರೂ ಅನ್ನಬಹುದಿತ್ತು." ಸ್ವಲ್ಪ ದೂರ ಹೋದ ಮೇಲೆ ಹೇಳಿದಳು. "ಅಮ್ಮ ಸೋಮವಾರ ಸೋಮವಾರ ಹುರಿದ ಸಮುದ್ರಪಾಚಿ ಡಬ್ಬಿ ತುಂಬ ಕೊಡ್ತಾಳೆ, ಫ್ರೆಂಡ್ಸಿಗೂ ಕೊಡು ಅಂತ. ಬಸ್ ಸ್ಟಾಪಲ್ಲಿ ಕೂತು ಎಲ್ಲಾ ನಾನೇ ತಿಂದು ಮುಗಿಸ್ತೀನಿ. ಅವರಿಗೆ ಇಷ್ಟ ಆಯ್ತಾ ಅಂತ ಸಾಯಂಕಾಲ ಕೇಳ್ತಾಳೆ."

"ನೀನೇನಂತೀಯಾ?"

"ತುಂಬಾ ಇಷ್ಟ ಆಯ್ತು ಅಂತೀನಿ."

ಮೂಲಂಗಿಯ ಚೀಲವನ್ನು ಇಬ್ಬರೂ ಒಂದೊಂದು ಕಿವಿ ಹಿಡಿದು ಮನೆಗೆ ಹೊತ್ತು ತಂದರು.

ನವೆಂಬರಿನಲ್ಲಿ ದೇಶಕ್ಕೆಲ್ಲ ಒಂದೇ ದಿನ ನಡೆಯುವ ಪ್ರವೇಶ ಪರೀಕ್ಷೆ ಬಂತು, ಹೋಯಿತು. ಅದಾದ ಶನಿವಾರ ಮನೆಯಲ್ಲಿ ಚಳಿಗಾಲದ ಕಿಮ್ಚಿ ಹಾಕುವ ಕೆಲಸ. ಉಪ್ಪಿನಲ್ಲಿ ಬಾಡಿದ ಎಲೆಕೋಸಿನ ಗುಡ್ಡೆ, ಕೆಂಪು ಖಾರದ ಕೊಪ್ಪರಿಗೆ, ಒಲೆಯ ಮೇಲೆ ಬೇಯುತ್ತಿರುವ ಹಂದಿಮಾಂಸ. ಎಲ್ಲರೂ ರಬ್ಬರ್ ಕೈಗವಸು ಹಾಕಿ ನೆಲದ ಮೇಲೆ ಕೂತಿದ್ದರು. ಗುಮ್‌ಹಿ ಅಂದು ಖುಷಿಯಲ್ಲಿದ್ದಳು.

"ದಾಮಿ, ಮಾಂಸ ಬೇಕಾದಷ್ಟಿದೆ. ಪರೀಕ್ಷೆ ಮುಗೀತಲ್ಲ, ನಿನ್ನ ಫ್ರೆಂಡ್ಸ್‌ನ ಕರಿ. ಹೊಸ ಕಿಮ್ಚಿ ಜೊತೆ ತಿಂದು ಹೋಗ್ಲಿ."

"ಅವರಿಗೆ ಬಿಡುವಿಲ್ಲಮ್ಮ."

"ಪರೀಕ್ಷೆ ಮುಗಿದ ಮಕ್ಕಳಿಗೆ ಬಿಡುವಿಲ್ವಾ? ಇಷ್ಟು ವರ್ಷದಲ್ಲಿ ಒಂದು ದಿನಾನೂ ಮನೆಗೆ ಕರೆದಿಲ್ಲ ನೀನು. ಅಂಗಡಿ ವಾಸನೆ ಅಂತ ನಾಚಿಕೆನಾ?"

"ಅಲ್ಲ."

"ನಂಬರ್ ಕೊಡು, ನಾನೇ ಕರೀತೀನಿ."

"ಬಿಡು ಗುಮ್‌ಹಿ," ಎಂದಳು ಹೇರಾನ್.

"ನೀವು ಮಧ್ಯ ಬರ್ಬೇಡಿ ಅಕ್ಕ. ಓದಿನ ವಿಷ್ಯ ನಿಮಗೆ ಬಿಟ್ಟಿದೀನಿ. ಇದು ತಾಯಿ ಮಗಳ ಮಾತು. ಹೇಳೇ, ಯಾರ್ಯಾರಿದಾರೆ ನಿನ್ನ ಫ್ರೆಂಡ್ಸು? ಹೆಸರಾದ್ರೂ ಹೇಳು."

ದಾಮಿ ಕೈಯಲ್ಲಿದ್ದ ಕೋಸನ್ನು ಕೊಪ್ಪರಿಗೆಗೆ ಹಾಕಿದಳು.

"ಯಾರೂ ಇಲ್ಲಮ್ಮ. ಆವತ್ತು ನೀನು ಕೇಳಿಸ್ಕೊಂಡ್ಯಲ್ಲ. ಚೆನ್ನಾಗಿದೆ ಅಂತ ಚಪ್ಪಾಳೆ ತಟ್ಟಿದ್ಯಲ್ಲ. ಅದೇ."

ಹುಡುಗಿ ಕೈಗವಸು ಕಳಚಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುದುಕಿ ಎದ್ದು ಒಲೆ ಆರಿಸಿದಳು.

ಗುಮ್‌ಹಿ ಹೇರಾನ್ ಕಡೆ ತಿರುಗಿದಳು. ಅವಳ ಕೆನ್ನೆಗೆ ಖಾರ ಮೆತ್ತಿತ್ತು. "ನಿಮಗೆ ಗೊತ್ತಿತ್ತು."

"ಆಮೇಲೆ ಗೊತ್ತಾಯ್ತು."

"ಹೆತ್ತವಳಿಗೆ ಹೇಳ್ಲಿಲ್ಲ. ನಿನ್ನೆ ಮೊನ್ನೆ ಬಂದ ನಿಮಗೆ ಹೇಳಿದ್ಲು."

"ನನಗೂ ಹೇಳ್ಲಿಲ್ಲ ಗುಮ್‌ಹಿ. ಸಂದರ್ಶನ ಮಾಡೋರಿಗೆ ಹೇಳಿದ್ಲು. ಆವತ್ತು ನಾನು ಅತ್ತೆ ಆಗಿರ್ಲಿಲ್ಲ."

"ಹಂಗಾದ್ರೆ ಅದನ್ನ ಯಾಕೆ ತಿದ್ದಿ ಪಾಠ ಮಾಡಿಸಿದ್ರಿ? ನನ್ನ ಮಗಳ ಅಳು ಅದು!"

"ಸಾಕು ಬಿಡೇ," ಎಂದ ದೋಸಿಕ್.

"ನೀವು ಸುಮ್ನಿರಿ. ದಿನಾ ಊರವರ ಕಣ್ಣು ನೋಡ್ತೀರಿ, ಮಗಳ ಮುಖ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ." ಗುಮ್‌ಹಿಯ ದನಿ ಒಡೆಯಿತು. ಆದರೂ ಕೈ ನಿಲ್ಲಿಸಲಿಲ್ಲ. ಉಪ್ಪು ಹಾಕಿದ ಕೋಸು ಕಾಯುವುದಿಲ್ಲವಲ್ಲ. ಉಳಿದದ್ದನ್ನೆಲ್ಲ ಮೂವರು ಹೆಂಗಸರೂ ಖಾರ ಹಚ್ಚಿ ಡಬ್ಬಿಗೆ ತುಂಬಿ ಮುಗಿಸಿದರು. ಬೆಂದ ಮಾಂಸವನ್ನು ಆ ದಿನ ಯಾರೂ ಮುಟ್ಟಲಿಲ್ಲ.

ಮರುದಿನದಿಂದ ಗುಮ್‌ಹಿ ಅಂಗಡಿಯಲ್ಲಿ ಎಷ್ಟೇ ಗಿರಾಕಿಯಿದ್ದರೂ ಮಗಳು ಊಟಕ್ಕೆ ಕೂತಾಗ ಮೇಲೆ ಬಂದು ಎದುರಿಗೆ ಕೂರತೊಡಗಿದಳು. ತಾನು ತಿನ್ನುತ್ತಿರಲಿಲ್ಲ. "ಅಮ್ಮಾ, ಹಂಗೆ ನೋಡ್ತಾ ಕೂರ್ಬೇಡ, ಗಂಟಲಲ್ಲಿ ಇಳಿಯಲ್ಲ," ಎಂದಳು ದಾಮಿ. ಗುಮ್‌ಹಿ ಗೋಡೆಯ ಕಡೆ ನೋಡುತ್ತ ಕೂತಳು. ಹೇರಾನ್ ಜೊತೆ ಅವಳ ಮಾತು ಹಿತವಾಗಿಯೇ ಉಳಿಯಿತು: ಅನ್ನ ಹಾಕಲಾ, ನೀರು ಬೇಕಾ. ಅದಕ್ಕಿಂತ ಮುಂದೆ ಹೋಗಲಿಲ್ಲ.

ತಾನಿದ್ದ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೇರಾನ್ ಹುಡುಗಿಯನ್ನು ಸಿಯೋಲ್‌ಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಕೊನೆಗೂ ಬಾಯಿಬಿಟ್ಟಳು.

"ಆ ಪ್ರಶ್ನೆ ಕೇಳಿದ್ರೆ ಬೇರೇನಾದ್ರೂ ಹೇಳು. ಕ್ಲಾಸಿನ ಯಾವುದೋ ಸಣ್ಣ ಜಗಳ ಹೇಳು. ಅದನ್ನ ಹೇಳ್ಬೇಡ."

"ನನ್ನ ಹತ್ರ ಇರೋದ್ರಲ್ಲಿ ಅದೇ ಒಳ್ಳೇ ಉತ್ತರ ಅಂದವರು ನೀವೇ."

"ಅಂಕಕ್ಕೆ ಒಳ್ಳೇದು. ಆ ಮೇಜಿನ ಹಿಂದೆ ಕೂತೋರು ಸಂಜೆ ಆರಕ್ಕೆ ಫೈಲು ಮುಚ್ಚಿ ಮನೆಗೆ ಹೋಗ್ತಾರೆ, ದಾಮಿ. ನಾನೂ ಹಂಗೇ ಹೋಗ್ತಿದ್ದೆ. ಅವರಿಗೆ ಯಾಕೆ ಕೊಡ್ತೀಯಾ ಅದನ್ನ?"

ದಾಮಿ ಕಿಟಕಿಯಾಚೆಯ ಬೋಳು ಗದ್ದೆಗಳನ್ನು ನೋಡುತ್ತಿದ್ದಳು.

ಹೇರಾನ್‌ಗೆ ಆ ಕಟ್ಟಡದ ಬಾಗಿಲು, ಮೆಟ್ಟಿಲು, ಚಳಿಯಲ್ಲಿ ಕಾಯುವ ತಾಯ್ತಂದೆಯರ ಗುಂಪು ಎಲ್ಲ ಗೊತ್ತು; ಆ ಗುಂಪಿನಲ್ಲಿ ನಿಂತದ್ದು ಮಾತ್ರ ಇದೇ ಮೊದಲು. ಬಾಗಿಲಲ್ಲಿದ್ದ ಹೊಸ ಹುಡುಗ "ಪೋಷಕರು ಗೆರೆಯಿಂದ ಆಚೆ ನಿಲ್ಲಿ" ಎಂದ. ಅವಳು ಆಚೆ ನಿಂತಳು.

ದಾಮಿ ಹೊರಬಂದಾಗ ಕಿವಿಗಳು ಕೆಂಪಗಾಗಿದ್ದವು.

"ಕೇಳಿದ್ರಾ?"

"ಕೇಳಿದ್ರು."

"ಏನಂದೆ?"

"ಮೊದಲ ದಿನ ನಿಮಗೆ ಹೇಳಿದ್ದನ್ನೇ ಹೇಳಿದೆ. ಕಾರಿಡಾರಿನ ತನಕ. ಅದರಿಂದ ಏನು ಕಲಿತ್ರಿ ಅಂತ ಒಬ್ರು ಕೇಳಿದ್ರು. ಏನೂ ಕಲೀಲಿಲ್ಲ, ಬೇಜಾರಾಯ್ತು ಅಂದೆ."

"ಆಮೇಲೆ?"

"ಸರಿ ಅಂದ್ರು. ಮುಂದಿನ ಪ್ರಶ್ನೆ ಕೇಳಿದ್ರು."

ಹೇರಾನ್ ಮನಸ್ಸಿನಲ್ಲೇ ಅಂಕ ಕಳೆದಳು. ಆಮೇಲೆ ಅದನ್ನು ಬಿಟ್ಟು ಹುಡುಗಿಯ ಕುತ್ತಿಗೆಯ ಮಫ್ಲರು ಸರಿಮಾಡಿದಳು.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಜಾಂಜುವಿನಲ್ಲಿ ಸೀಟು ಸಿಕ್ಕಿತ್ತು. ನಾಲ್ಕು ಕಡೆ ಇಲ್ಲ. ಹೇರಾನ್ ಇದ್ದ ಕಡೆ ಕಾಯುವವರ ಸಾಲಿನಲ್ಲಿ ಹೆಸರು, ಅದೂ ಸಾಕಷ್ಟು ಹಿಂದೆ. "ಮೇಲಿನವರು ಬಿಟ್ಟುಕೊಟ್ರೆ ಫೋನು ಮಾಡ್ತಾರೆ. ತೆಗೆಯದೇ ಇದ್ರೆ ಕೆಳಗಿನವರಿಗೆ ಹೋಗುತ್ತೆ. ಫೋನು ಕೈ ಬಿಡಬೇಡಿ," ಎಂದಳು ಹೇರಾನ್. ಅದು ಅವಳು ಕೊಟ್ಟ ಕೊನೆಯ ಸಲಹೆ. ಗುಮ್‌ಹಿ ಜಾಂಜುವಿನ ಹಾಸ್ಟೆಲು ವಿಚಾರಿಸತೊಡಗಿದಳು.

ಸಾಲು ಮುಚ್ಚುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಹೊಡೆದುಕೊಂಡಿತು. ದಾಮಿ ನಂಬರು ನೋಡಿ ಎದ್ದು ನಿಂತಳು.

"ಹೌದು, ನಾನೇ." ಬಹಳ ಹೊತ್ತು ಕೇಳಿಸಿಕೊಂಡಳು. ಒಮ್ಮೆ ಅಮ್ಮನ ಕಡೆ, ಒಮ್ಮೆ ಕಿಟಕಿಯ ಕಡೆ ನೋಡಿದಳು. "ಹೂಂ. ಬರ್ತೀನಿ. ಸೇರ್ಕೊಳ್ತೀನಿ."

ಗುಮ್‌ಹಿ ಕಿರುಚಿದ್ದು ಬೀದಿಗೆಲ್ಲ ಕೇಳಿರಬೇಕು. ಮಗಳನ್ನು ತಬ್ಬಿದಳು, ಮುದುಕಿಯನ್ನು ತಬ್ಬಿದಳು, ತಡೆದು ನಿಂತು ಹೇರಾನ್‌ಳ ಎರಡೂ ಕೈ ಹಿಡಿದು "ಅಕ್ಕಾ" ಎಂದಳು. ಆಮೇಲೆ ಕೆಳಗಿಳಿದು ಗಿರಾಕಿಗಳಿಗೆ ಹೇಳಲು ಓಡಿದಳು. ದೋಸಿಕ್ ಚಪ್ಪಲಿ ತಿರುಗುಮುರುಗು ಮೆಟ್ಟಿಕೊಂಡು ಮಾರುಕಟ್ಟೆಗೆ ಹೊರಟ. ಮುದುಕಿಯೂ ಕೋಲು ಹುಡುಕಿ, "ಆ ಬೇಕರಿಯವನ ಮುಖ ನೋಡ್ಬೇಕು ನಾನು," ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿದಳು.

ಮೇಜಿನ ಮೇಲೆ ಐದು ಬಟ್ಟಲು ಅನ್ನ. ಕೂತವರು ಇಬ್ಬರು.

"ಯಾಕೆ ತೊಗೊಂಡ್ರೋ ಗೊತ್ತಿಲ್ಲ," ಎಂದಳು ದಾಮಿ. "ಆ ಉತ್ತರಕ್ಕಾ, ಆ ಉತ್ತರ ಇದ್ರೂನಾ?"

"ನನಗೂ ಗೊತ್ತಿಲ್ಲ. ಒಳಗಿದ್ದೋಳು ಹೇಳ್ತಿದೀನಿ, ಕೆಲವು ಸಲ ಅವರಿಗೂ ಗೊತ್ತಿರಲ್ಲ."

ಹುಡುಗಿ ಚಮಚವನ್ನು ಸಾರಿನಲ್ಲಿ ಆಡಿಸಿದಳು. "ಅತ್ತೆ, ಅಲ್ಲಿ ಮಧ್ಯಾಹ್ನ ಊಟ ಯಾರ ಜೊತೆ ಮಾಡ್ತಾರೆ?"

ಆ ವಿಶ್ವವಿದ್ಯಾಲಯದ ಬಗ್ಗೆ ಹೇರಾನ್‌ಗೆ ತಿಳಿಯದ್ದಿರಲಿಲ್ಲ. ಯಾವ ಊಟದ ಹಾಲಿನಲ್ಲಿ ಸಾರು ಚೆನ್ನ, ಕಂಬದ ಹಿಂದಿನ ಯಾವ ಕುರ್ಚಿಯಲ್ಲಿ ಒಬ್ಬರೇ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಎಲ್ಲ ಗೊತ್ತಿತ್ತು. ಇಡೀ ನೌಕರಿಯನ್ನು ಅವಳು ಆ ಕುರ್ಚಿಯಲ್ಲಿ ಉಂಡು ಮುಗಿಸಿದ್ದಳು.

"ಗೊತ್ತಿಲ್ಲ ದಾಮಿ," ಎಂದಳು. "ಇದೊಂದು ನನಗೆ ಗೊತ್ತಿಲ್ಲ." ಕಿಮ್ಚಿಯ ತಟ್ಟೆಯನ್ನು ಹುಡುಗಿಯ ಕಡೆ ಸರಿಸಿದಳು. "ಸುವೊನ್‌ನಿಂದ ರೈಲಲ್ಲಿ ಒಂದು ಗಂಟೆ ಅಷ್ಟೆ. ನನಗೇನು ಕೆಲಸ? ಬುಧವಾರ ಬುಧವಾರ ಬರ್ತೀನಿ. ಒಟ್ಟಿಗೆ ಉಣ್ಣೋಣ."

ದಾಮಿ ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಹೇರಾನ್‌ಗೆ ನಾಚಿಕೆಯಾಯಿ‌ತು. ತಾನು ಕೊಡುತ್ತಿಲ್ಲ, ಕೇಳುತ್ತಿದ್ದೇನೆ ಎನ್ನುವುದು ಆ ಮಗುವಿಗೆ ತಿಳಿದುಹೋಗಿತ್ತು.

"ಬೇಡ ಅತ್ತೆ," ಎಂದಳು ಹುಡುಗಿ, ಮೆತ್ತಗೆ. "ನೀವು ಬಂದ್ರೆ ನಾನು ಯಾರನ್ನೂ ಹುಡುಕೋದೇ ಇಲ್ಲ."

ಹೇರಾನ್ ತಲೆಯಾಡಿಸಿದಳು. ಅದು ಸರಿಯಾದ ಮಾತು. ಸರಿಯಾದದ್ದಕ್ಕೆ ತಿದ್ದುಪಡಿ ಹೇಳುವಂತಿರಲಿಲ್ಲ. ಕೆಳಗೆ ಯಾರೋ ಜೋರಾಗಿ ನಕ್ಕರು. ಅನ್ನ ಆರುತ್ತಿತ್ತು.

ದಾಮಿ ಎದ್ದು ಅತ್ತೆಯ ಬಟ್ಟಲನ್ನು ತೆಗೆದುಕೊಂಡಳು. ಆರಿದ ಅನ್ನವನ್ನು ಪಾತ್ರೆಗೆ ಸುರಿದು, ಬಿಸಿ ಅನ್ನ ಬಡಿಸಿ ತಂದಿಟ್ಟಳು. ತನ್ನ ಕುರ್ಚಿಯನ್ನು ಆಚೆ ಬದಿಯಿಂದ ಎತ್ತಿ ಈಚೆ ಬದಿಗೆ, ಹೇರಾನ್ ಪಕ್ಕಕ್ಕೆ ಹಾಕಿಕೊಂಡು ಕೂತಳು.

"ಉಣ್ಣಿ," ಎಂದಳು. "ಅವರು ಬರೋದು ಇನ್ನೂ ತಡ."